ಬಸಳೆಹಣ್ಣಿನ ಮಸಿ

ಹರಿಹರದ ಸೇತುವೆ

ನಮ್ಮ ಓಣಿಯಲ್ಲಿ ವಿಲಾಯತಿಗೆ ಹೋಗಿ ಬಂದವರು ಇಬ್ಬರಿದ್ದಾರೆ. ಮೈಸೂರು ಸಂಸ್ಥಾನವನ್ನು ಒಬ್ಬಳೇ ಹೋಗಿ ನೋಡಿ ಬಂದ ಹೆಂಗಸು ನಾನು ಮಾತ್ರ. ಹೀಗಾಗಿ ಹೊರಡುವ ಮುಂಚೆ ನನಗೆ ಸಿಕ್ಕ ಬುದ್ಧಿಮಾತುಗಳು ಸಮುದ್ರ ದಾಟುವವರಿಗೆ ಹೇಳುವಂಥವೇ ಆಗಿದ್ದವು. ಅಲ್ಲಿಯ ನೀರು ಒಗ್ಗುವುದಿಲ್ಲ, ಜೋಳದ ರೊಟ್ಟಿ ಕಣ್ಣಿಗೂ ಬೀಳುವುದಿಲ್ಲ, ಮಾತು ಕನ್ನಡವೇ ಆದರೂ ಅರ್ಧವನ್ನು ಊಹಿಸಿಕೊಳ್ಳಬೇಕು. ನಮ್ಮ ಸೋದರತ್ತಿ ಒಂದು ಡಬ್ಬಿ ಶೇಂಗಾ ಚಟ್ನಿ ಕಟ್ಟಿಕೊಟ್ಟು, "ಅಲ್ಲೀ ಮಂದಿ ಭಾಳ ಮೆತ್ತಗ ಅಂತಾರ. ನೀ ಮಾತಾಡೋದು ಕಡಿಮಿ ಖರೆ, ಆಡಿದ್ರ ಮಾತ್ರ ಕೊಯ್ದಂಗ ಆಡ್ತಿ. ಸ್ವಲ್ಪ ನೋಡಿಕೊಂಡಿರು" ಎಂದಳು.

ಆಗ ಯುದ್ಧ ನಡೆದಿತ್ತು. ಧಾರವಾಡದಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದ ಹೆಣ್ಣುಮಕ್ಕಳ ಶಾಲೆಯ ಕಟ್ಟಡವನ್ನು ಸರಕಾರ ಯಾವುದೋ ಯುದ್ಧದ ಕಚೇರಿಗೆ ತೆಗೆದುಕೊಂಡಿತ್ತು. ಬೇರೆ ಜಾಗ ಸಿಗುವವರೆಗೆ ನಮಗೆಲ್ಲ ಬಿಡುವು. ನಮ್ಮ ಮುಖ್ಯಾಧ್ಯಾಪಕಿ ಬಿಡುವನ್ನು ಸಹಿಸುವವರಲ್ಲ. "ಕಾಗದ ಇಲ್ಲ, ಮಸಿ ಇಲ್ಲ, ಮಾಸ್ತರರಿಲ್ಲ. ಆ ಕಡಿ ಸಾಲಿಯವರು ಹೆಂಗ ನಡಸ್ಯಾರ ನೋಡಿಕೊಂಡು ಬಾ" ಎಂದು ನನ್ನನ್ನು ಹೊರಡಿಸಿದರು. ಹಾಸನದಲ್ಲಿ ನನ್ನ ಕಾಲೇಜಿನ ಗೆಳತಿ ಕಾತ್ಯಾಯಿನಿ ಉಪಾಧ್ಯಾಯಿನಿಯಾಗಿದ್ದಳು. ಅವಳ ತಂದೆ ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರಿಯಲ್ಲಿದ್ದ ಕಾಲಕ್ಕೆ ನಾವು ಒಂದೇ ಬೆಂಚಿನಲ್ಲಿ ಕೂತು ಓದಿದ್ದೆವು.

ತುಂಗಭದ್ರೆಯನ್ನು ದಾಟಿದೊಡನೆ ಗಾಡಿಯಲ್ಲಿ ತಪಾಸಣೆ ನಡೆಯಿತು. ಒಂದು ಸೀಮೆಯ ಧಾನ್ಯ ಇನ್ನೊಂದು ಸೀಮೆಗೆ ಹೋಗುವಂತಿರಲಿಲ್ಲ. ತಪಾಸಣೆಯವನು ನನ್ನ ಡಬ್ಬಿಯ ಮುಚ್ಚಳ ತೆಗೆಸಿ, ಮೂಗು ಹತ್ತಿರ ತಂದು, "ಇದೇನಮ್ಮ ಇದು?" ಎಂದು ಕೇಳಿದ.

"ಶೇಂಗಾ ಹಿಂಡಿ ರೀ."

"ಹಿಂಡೀನ? ಎಮ್ಮೆಗಾ?"

ಎದುರು ಕುಳಿತ ಮುದುಕಿ ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡು, "ಕಳ್ಳೆಕಾಯ್ ಚಟ್ನಿಪುಡಿ ಕಣಯ್ಯ. ಬುಡು ಅತ್ಲಾಗೆ" ಎಂದು ತೀರ್ಪು ಕೊಟ್ಟಳು. ಅವನು ಮುಂದೆ ಹೋದ. ಅರಸೀಕೆರೆ ಬರುವ ಹೊತ್ತಿಗೆ ಮುದುಕಿ ಕಾಲು ಡಬ್ಬಿ ಮುಗಿಸಿದ್ದಳು; ನನ್ನ ವಯಸ್ಸು, ಕುಲ, ಮದುವೆಯಾಗದ ಕಾರಣ ಎಲ್ಲವನ್ನೂ ಕೇಳಿದ್ದಳು. ನಾನು ವಯಸ್ಸನ್ನು ಮಾತ್ರ ಹೇಳಿದೆ.

ಹಾಸನ

ಹಾಸನದ ಬೆಳಗು ನಮ್ಮೂರಿನದಕ್ಕಿಂತ ತಣ್ಣಗೆ. ಜನವೂ ಹಾಗೆಯೇ. ನಮ್ಮಲ್ಲಿ ಒಬ್ಬರು ಇನ್ನೊಬ್ಬರನ್ನು ಕರೆಯುವ ದನಿ ಇಲ್ಲಿ ಜಗಳದ ದನಿ. ಕಾತ್ಯಾಯಿನಿಯ ಮನೆಯಲ್ಲಿ ಹುಣಸೆಬೀಜ ಹುರಿದು ಪುಡಿ ಮಾಡಿದ ಕಾಫಿ ಕೊಟ್ಟರು. ಕುಡಿಯುವವರೆಲ್ಲ "ಪರವಾಗಿಲ್ಲ, ಪರವಾಗಿಲ್ಲ" ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳುತ್ತಿದ್ದರು. ಈ ಊರಿನವರು ಯುದ್ಧವನ್ನು ಎದುರಿಸುತ್ತಿದ್ದುದೇ ಈ ಮಾತಿನಿಂದ ಎಂದು ನನಗೆ ಆಮೇಲೆ ತೋರಿತು.

ಅವಳು ಕಲಿಸುವ ಹೈಸ್ಕೂಲಿನ ಆಟದ ಬಯಲಿನಲ್ಲಿ ವಿಮಾನದಾಳಿಗೆಂದು ಕಂದಕ ತೋಡಿದ್ದರು. ವಿಮಾನ ಬರಲಿಲ್ಲ, ಮಳೆ ಬಂತು. ಈಗ ಅದರ ತುಂಬ ಕಪ್ಪೆ. ಅದನ್ನು ಮುಚ್ಚಲು ಮೇಲಿನವರ ಅಪ್ಪಣೆ ಬೇಕು. ಅಪ್ಪಣೆ ಕೇಳಲು ಕಾಗದ ಬೇಕು. ಕಾಗದವನ್ನು ಕಪ್ಪೆಗಾಗಿ ಖರ್ಚು ಮಾಡಬೇಕೆ ಎಂದು ಹೆಡ್‌ಮಾಸ್ಟರರು ಸುಮ್ಮನಿದ್ದರು.

ವಿಜ್ಞಾನದ ತರುಣ ಮೇಷ್ಟ್ರು ಸೈನ್ಯದ ಕೆಲಸಕ್ಕೆ ಹೋಗಿಬಿಟ್ಟಿದ್ದರಿಂದ, ಎಂದೋ ನಿವೃತ್ತರಾಗಿದ್ದ ನರಸಿಂಹಯ್ಯ ಎಂಬ ಹಿರಿಯರನ್ನು ಕರೆತಂದಿದ್ದರು. ಅವರು ಖುಷಿಯಿಂದ ಬೀರು ತೆರೆದು ಒಂದೊಂದೇ ಸೀಸೆ ತೋರಿಸಿದರು. ಒಂದನ್ನು ಎತ್ತಿ, "ಇದು ಒಗೆಯೋ ಸೋಡಾ. ನಿನ್ನೆ ತಾನೆ ಇದರ ಪಾಠ ಮಾಡಿದೆ" ಎಂದರು. ನಾನು ನೋಡಿದೆ. ಹರಳು ಬೇರೆ. ಸುತ್ತ ಐದಾರು ಮಂದಿ ಮೇಷ್ಟ್ರುಗಳಿದ್ದರು.

"ಇದು ಸೋಡಾ ಅಲ್ರಿ, ಪಟಿಕ. ಚೀಟಿ ಅದಲಿ ಬದಲಿ ಆಗ್ಯಾವ. ಹುಡುಗರಿಗೆ ತಪ್ಪು ಕಲಿಸೀರಿ."

ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಸೀಸೆಯನ್ನು ಬೆಳಕಿಗೆ ಹಿಡಿದರು. "ಹೌದಮ್ಮ" ಎಂದರು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಸಲ "ಹೌದು" ಎಂದು ಬೀರು ಮುಚ್ಚಿದರು. ಮರುದಿನ ಅವರು ಶಾಲೆಗೆ ಬರಲಿಲ್ಲ. ಬೀರುವಿನ ಕೀಲಿಕೈಯನ್ನು ಮೊಮ್ಮಗಳ ಕೈಯಲ್ಲಿ ಕಳಿಸಿ, ಮೈ ಸರಿಯಿಲ್ಲವೆಂದು ಹೇಳಿಸಿದ್ದರು. ವಿಜ್ಞಾನದ ತರಗತಿಗೆ ಕನ್ನಡ ಪಂಡಿತರು ಹೋಗಿ ಕುಳಿತರು.

ಕಾತ್ಯಾಯಿನಿ ಮನೆಗೆ ನಡೆಯುವಾಗ ನನಗಿಂತ ನಾಲ್ಕು ಹೆಜ್ಜೆ ಮುಂದೆ ಹೋದಳು. ಆಮೇಲೆ, "ಪೆನ್ಶನ್ ತಗೊಂಡು ಮನೇಲಿದ್ದ ಮುದುಕರು ಕಣೆ. ಕೈಕಾಲು ಹಿಡಿದು ಕರ್ಕೊಂಡು ಬಂದಿದ್ವಿ. ನೀನು ಅರ್ಧ ಗಂಟೇಲಿ ಕಳಿಸ್ಬಿಟ್ಟೆ" ಎಂದಳು.

"ಅದು ಪಟಿಕಾನೇ ಇತ್ತಲ್ಲ."

"ಪಟಿಕಾನೇ. ಯಾರು ಇಲ್ಲ ಅಂದ್ರು? ಹೊರಗೆ ಕರೆದು ಹೇಳಬಹುದಿತ್ತು."

ಅವಳು ಹೇಳಿದ್ದು ಸರಿ. ಹೊರಗೆ ಕರೆದು ಹೇಳು ಎಂದದ್ದನ್ನು ನಾನು, ಹೇಳಲೇಬೇಡ ಎಂದು ತಿಳಿದುಕೊಂಡೆ. ಆ ರಾತ್ರಿ ದಿನಚರಿಯಲ್ಲಿ "ಇನ್ನು ಮುಂದೆ ಈ ಪ್ರವಾಸದಲ್ಲಿ ಯಾರನ್ನೂ ತಿದ್ದಕೂಡದು" ಎಂದು ಬರೆದು ಕೆಳಗೆ ಗೆರೆ ಎಳೆದೆ.

ಹೊಳೆನರಸೀಪುರ

ಹಾಸನದಿಂದ ಹೊಳೆನರಸೀಪುರಕ್ಕೆ ರೈಲಿದೆ. ಹೇಮಾವತಿ ಊರಿನ ಪಕ್ಕದಲ್ಲಿ ಸದ್ದಿಲ್ಲದೆ ಹೋಗುತ್ತದೆ. ಅಲ್ಲಿಯ ಒಂದು ಹೈಸ್ಕೂಲಿನ ಹೆಡ್‌ಮಾಸ್ಟರ್ ರುದ್ರಪ್ಪನವರ ಮನೆಯಲ್ಲಿ ನಾನು ಉಳಿಯುವುದೆಂದು ಕಾತ್ಯಾಯಿನಿ ಏರ್ಪಾಟು ಮಾಡಿದ್ದಳು. ರುದ್ರಪ್ಪನವರು ಹಣೆಗೆ ವಿಭೂತಿ ಇಟ್ಟು, ಎದೆಗೆ ಯುದ್ಧನಿಧಿಯ ಬಿಲ್ಲೆ ಸಿಕ್ಕಿಸಿಕೊಂಡು ಸ್ಟೇಷನ್ನಿಗೇ ಬಂದಿದ್ದರು.

ಮರುದಿನ ಬೆಳಗ್ಗೆ ನಾವು ಶಾಲೆಯ ಹತ್ತಿರ ಬರುತ್ತಿದ್ದಂತೆ ಶಂಖದ ಸದ್ದು ಕೇಳಿತು. ಯಾರೋ ತೀರಿಕೊಂಡಿರಬೇಕೆಂದು ನಾನು ನಿಂತೆ.

"ಏನಿಲ್ಲ ಬನ್ನಿ ತಾಯಿ, ಮೊದಲನೇ ಬೆಲ್ಲು" ಎಂದರು ರುದ್ರಪ್ಪನವರು.

ಸಭೆ ಮಾಡಿ, ಹಾರ ಹಾಕಿ, ಶಾಲೆಯ ಕಂಚಿನ ಗಂಟೆಯನ್ನು ಯುದ್ಧದ ಲೋಹಸಂಗ್ರಹಕ್ಕೆ ಕೊಟ್ಟುಬಿಟ್ಟಿದ್ದರಂತೆ. ಮರುದಿನ ಪಾಠ ಯಾವಾಗ ಶುರು, ಯಾವಾಗ ಮುಗಿಯಿತು ಎಂಬುದು ಯಾರಿಗೂ ತಿಳಿಯಲಿಲ್ಲ. ಜವಾನ ತಿಮ್ಮದಾಸನ ಮನೆತನದವರು ಶನಿವಾರ ಶಂಖ ಊದಿಕೊಂಡು ಭಿಕ್ಷಕ್ಕೆ ಹೋಗುವ ದಾಸಯ್ಯಗಳು. ಅವನು ಮನೆಯ ಶಂಖವನ್ನು ತಂದ. ನಾನು ತಿಮ್ಮದಾಸನನ್ನು, ತೊಂದರೆಯೇನಾದರೂ ಆಯಿತೇ ಎಂದು ಕೇಳಿದೆ.

"ಮೊದಮೊದ್ಲು ಆಯ್ತು ಅಮ್ಮಾವ್ರೆ. ಒಂದೊಂದು ಪೀರಿಯಡ್ಡಿಗೂ ಬೀದಿ ಎಂಗಸ್ರು ಮೊರದಲ್ಲಿ ರಾಗಿ ಇಟ್ಕೊಂಡು ಬಂದ್ಬುಡೋರು. ಸುಮ್ನೆ ಯಾಕೆ ಬ್ಯಾಡ ಅನ್ನಾದು ಅಂತ ಈಸ್ಕತಿದ್ದೆ. ಎಡ್‌ಮಾಷ್ಟ್ರು ನೋಡ್ಬುಟ್ರು."

"ಆಮ್ಯಾಲೆ?"

"ಆಮ್ಯಾಲೆ ಅರ್ಧ ಅವರಿಗೂ ಕೊಟ್ಟೆ" ಎಂದು ತಿಮ್ಮದಾಸ ನಕ್ಕ. ರುದ್ರಪ್ಪನವರು, "ಹೋಗಯ್ಯ, ಹೋಗು ಕೆಲಸ ನೋಡು" ಎಂದು ಗದರಿದರು. ಆದರೆ ಅಲ್ಲ ಎನ್ನಲಿಲ್ಲ.

ರುದ್ರಪ್ಪನವರು ನನ್ನನ್ನು ಬರಮಾಡಿಕೊಂಡದ್ದಕ್ಕೆ ಕಾರಣವಿತ್ತು. ಪಬ್ಲಿಕ್ ಪರೀಕ್ಷೆಗೆ ಯಾರು ಕೂರಬೇಕೆಂದು ಆರಿಸುವ ಶಾಲಾ ಪರೀಕ್ಷೆಗೆ ಇನ್ನು ಹದಿನೆಂಟು ದಿನವಿತ್ತು. ಅದನ್ನು ಮಸಿಯಲ್ಲಿಯೇ ಬರೆಯಬೇಕು, ಪೆನ್ಸಿಲ್ ಬರಹ ಸಲ್ಲದು ಎಂಬುದು ಹಾಸನದ ಇನ್‌ಸ್ಪೆಕ್ಟರರ ಕಟ್ಟಪ್ಪಣೆ. ಅಂಗಡಿಗಳಲ್ಲಿ ಮಸಿಪುಡಿ ಕಾಣದೆ ತಿಂಗಳುಗಳಾಗಿದ್ದವು. ಆಗ ಡ್ರಾಯಿಂಗ್ ಮೇಷ್ಟ್ರು ಸಿದ್ಧಪ್ಪ ಮುಂದೆ ಬಂದರು.

ಸಿದ್ಧಪ್ಪನವರಿಗೆ ಐವತ್ತರ ಹತ್ತಿರ. ಬಣ್ಣ, ಕುಂಚ, ಕಾಗದ ಯಾವುದೂ ಇಲ್ಲದಿರುವಾಗ ಡ್ರಾಯಿಂಗ್ ಮೇಷ್ಟ್ರು ಯಾಕೆ ಎಂದು ಕಚೇರಿಯಿಂದ ಕೇಳಿ ಕಳಿಸಿದ್ದರು. ಈ ಅವಧಿ ಮುಗಿದರೆ ಅವರ ಹುದ್ದೆಯೂ ಮುಗಿಯುತ್ತಿತ್ತು. ಹಾಸನವೂ ಸೇರಿ ಸುತ್ತಿನ ನಾಲ್ಕು ಊರಿನ ಹೈಸ್ಕೂಲುಗಳಿಗೂ ಆಗುವಷ್ಟು ಮಸಿಯನ್ನು ಅವರು ಮಾಡಿ ಕೊಟ್ಟರೆ, ಯುದ್ಧ ಮುಗಿಯುವವರೆಗೆ ಅವರನ್ನು ಆ ಕೆಲಸದ ಮೇಲೆ ಇಟ್ಟುಕೊಳ್ಳಬಹುದೆಂದು ಇನ್‌ಸ್ಪೆಕ್ಟರರು ಒಪ್ಪಿದ್ದರು. ಆದರೆ ಒಂದು ಷರತ್ತು: ಮಸಿಯನ್ನು ವಿಜ್ಞಾನ ಓದಿದ ಪದವೀಧರರೊಬ್ಬರು ನೋಡಿ ಬರೆದುಕೊಡಬೇಕು.

"ಕೆಮಿಸ್ಟ್ರಿ ಓದಿದೋರು ಈ ಸೀಮೇಲಿ ದುರ್ಬೀನು ಹಾಕಿ ಹುಡುಕಿದ್ರೂ ಸಿಗೋಲ್ಲ ತಾಯಿ. ಎಲ್ಲಾ ಮದ್ದುಗುಂಡಿನ ಕಾರ್ಖಾನೆ ಸೇರಿದ್ರು. ದೇವರು ಕಳಿಸಿದ ಹಾಗೆ ನೀವು ಬಂದ್ರಿ" ಎಂದರು ರುದ್ರಪ್ಪನವರು.

ಶಾಲೆಯ ಹಿತ್ತಿಲಿನಲ್ಲಿ ಸಿದ್ಧಪ್ಪ ಮೇಷ್ಟ್ರು ಒರಳಿನ ಮುಂದೆ ಕುಳಿತಿದ್ದರು. ಮೊಣಕೈವರೆಗೆ ನೇರಳೆ ಬಣ್ಣ. ನನ್ನನ್ನು ಕಂಡು ಎದ್ದು ಕೈಮುಗಿದವರು, ಕೈಯ ಬಣ್ಣ ನೋಡಿಕೊಂಡು ನಾಚಿ ಹಿಂದಕ್ಕೆ ಕಟ್ಟಿಕೊಂಡರು.

"ನಮ್ಮಪ್ಪನ ಕಾಲದಾಗೆ ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಆಕಿ ಮಸಿ ಮಾಡೋರು ಅಮ್ಮಾವ್ರೆ. ಕರೀ ಮಸಿ. ಅನ್ನಭೇದಿ ಈಗ ಎಲ್ಲೂ ಇಲ್ಲ. ಅದ್ಕೇಯ ಈ ಬಸಳೆಹಣ್ಣು. ಮಕ್ಕಳೆಲ್ಲ ಅವರವರ ಇತ್ಲಿಂದ ತಂದ್ಕೊಟ್ರು. ನಾಕು ದಿನ ಆಯ್ತು ಸುರು ಮಾಡಿ."

ಒಂದು ಚೀಟಿಯ ಮೇಲೆ ಅಳತೆಗೋಲಿನಂತೆ ನೆಟ್ಟಗಿನ ಅಕ್ಷರಗಳಲ್ಲಿ ನನ್ನ ಹೆಸರು ಬರೆದು ಕೊಟ್ಟರು. ಅಷ್ಟು ಚೆಲುವಾದ ಬಣ್ಣವನ್ನು ನಾನು ಮಸಿಯಲ್ಲಿ ಕಂಡಿರಲಿಲ್ಲ. ಹಸಿಯಾಗಿದ್ದಾಗ ಕೆಂಪು, ಆರಿದ ಮೇಲೆ ನೇರಳೆ. ಸ್ವಲ್ಪ ಅಂಟು; ಆರಲು ಹೊತ್ತು ಹಿಡಿಯುತ್ತಿತ್ತು.

"ನಿಂತದಾ ಅಮ್ಮಾವ್ರೆ?" ಎಂದು ಕೇಳಿದರು.

ನಿಲ್ಲುವುದಿಲ್ಲ ಎಂದು ನನಗೆ ಬಹಳ ಮಟ್ಟಿಗೆ ಗೊತ್ತಿತ್ತು. ಹಣ್ಣು ಹೂವುಗಳ ಬಣ್ಣ ಬೆಳಕಿಗೆ ಸೋಲುತ್ತದೆ ಎಂಬುದನ್ನು ತಿಳಿಯಲು ಪದವಿ ಬೇಡ. ಅನ್ನಭೇದಿ ಎಂಬ ಕಬ್ಬಿಣದ ಉಪ್ಪು ಇಲ್ಲದೆ ಕರಿಮಸಿ ಮಾಡುವ ದಾರಿಯೂ ನನಗೆ ಗೊತ್ತಿತ್ತು. ನಮ್ಮ ಅಜ್ಜಿಯ ಮನೆಯ ಹಿಂದೆ ಬಣ್ಣಗಾರರ ಓಣಿ. ತುಕ್ಕು ಹಿಡಿದ ಲಾಳದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಹದಿನೈದು ದಿನ ಕೊಳೆಹಾಕಿ, ಆ ಹುಳಿನೀರನ್ನು ಅಳಲೆಕಾಯಿಯ ಕಷಾಯಕ್ಕೆ ಸುರಿದರೆ ಅದು ಕಣ್ಣೆದುರಿಗೇ ಕಪ್ಪಾಗುವುದನ್ನು ನೋಡಿ ಬೆಳೆದವಳು ನಾನು. ಪರೀಕ್ಷೆಗೆ ಇನ್ನೂ ಹದಿನೆಂಟು ದಿನವಿತ್ತು. ಲಾಳ ಕಟ್ಟುವವನ ಅಂಗಡಿ ಶಾಲೆಯ ಎದುರಿಗೇ ಇತ್ತು.

ಆದರೆ ರುದ್ರಪ್ಪನವರು ಪಕ್ಕದಲ್ಲಿ ನಿಂತಿದ್ದರು. ಬಾಗಿಲಲ್ಲಿ ಮೂವರು ಮೇಷ್ಟ್ರುಗಳು ನಿಂತು ನೋಡುತ್ತಿದ್ದರು. ನನಗೆ ಕನ್ನಡಕ ಒರೆಸುತ್ತಿದ್ದ ನರಸಿಂಹಯ್ಯನವರು ಕಾಣಿಸಿದರು.

"ಬಣ್ಣ ಭಾಳ ಛಲೋ ಬಂದದರಿ" ಎಂದೆ.

ಸಿದ್ಧಪ್ಪ ಮೇಷ್ಟ್ರು ಅದನ್ನು ಹೌದು ಎಂದೇ ತಿಳಿದರು. ನೀರು ಹೊತ್ತು ತಂದ ತಿಮ್ಮದಾಸನ ಕಡೆ ತಿರುಗಿ, "ಕೇಳಿದ್ಯೇನ್ಲಾ? ಬಸಳೆಸೊಪ್ಪು ಸಾರಿಗೇ ಸರಿ ಅಂತಿದ್ದೆ" ಎಂದರು.

ಆ ಸಂಜೆ ರುದ್ರಪ್ಪನವರ ಮೇಜಿನ ಮುಂದೆ ಕುಳಿತು ನಾನು ಇಂಗ್ಲಿಷಿನಲ್ಲಿ ಮೂರು ವಾಕ್ಯ ಬರೆದೆ. ಮಸಿಯ ಬಣ್ಣ ಸ್ಪಷ್ಟವಾಗಿದೆ. ಲೇಖನಿಯಿಂದ ಸರಾಗವಾಗಿ ಇಳಿಯುತ್ತದೆ. ಕಾಗದದಲ್ಲಿ ಹರಡಿಕೊಳ್ಳುವುದಿಲ್ಲ. ಮೂರೂ ನಿಜ. ಒಂದೊಂದು ಪದವನ್ನೂ ತೂಗಿ ನೋಡಿ ಇಟ್ಟಿದ್ದೆ. ಬಾಳಿಕೆಯ ಬಗ್ಗೆ ಒಂದಕ್ಷರವನ್ನೂ ಬರೆಯಲಿಲ್ಲ. ಓದುವವರು ಜಾಣರಾಗಿದ್ದರೆ ಕೇಳುತ್ತಾರೆ ಎಂದುಕೊಂಡೆ. ಯಾರೂ ಕೇಳಲಿಲ್ಲ. ಸಿದ್ಧಪ್ಪ ಮೇಷ್ಟರ ಹೆಂಡತಿ ಒಂದು ಹೊರೆ ವೀಳ್ಯದೆಲೆಯನ್ನೂ ಎರಡು ತೆಂಗಿನಕಾಯಿಯನ್ನೂ ತಂದು ನನ್ನ ಮಡಿಲಿಗೆ ಹಾಕಿ ಹೋದರು.

ಅರಕಲಗೂಡು

ಪೆಟ್ರೋಲು ಸಿಗದ ಕಾರಣ ಅರಕಲಗೂಡಿನ ಬಸ್ಸು ಇದ್ದಿಲಿನ ಮೇಲೆ ಓಡುತ್ತಿತ್ತು. ಹಿಂಭಾಗದಲ್ಲಿ ಒಂದು ದೊಡ್ಡ ಪೀಪಾಯಿ, ಅದರೊಳಗೆ ಕೆಂಡ. ಹೊರಡುವ ಮುಂಚೆ ಕಂಡಕ್ಟರು ಅರ್ಧ ಗಂಟೆ ಗಾಳಿಯ ಚಕ್ರ ತಿರುಗಿಸಿ ಬೆವೆತ. ದಿಬ್ಬ ಬಂದಾಗಲೆಲ್ಲ, "ಇಳೀರಪ್ಪಾ, ಗಂಡಸ್ರು ತಳ್ಳಿ, ಎಂಗಸ್ರು ನಡೀರಿ" ಎನ್ನುತ್ತಿದ್ದ. ಮೂರನೆಯ ದಿಬ್ಬದಲ್ಲಿ ಒಬ್ಬ ಗೌಡರು, "ಲೇ, ಚಾರ್ಜು ನಮ್ಗೆ ನೀನು ಕೊಡ್ಬೇಕು ಕಣ್ಲಾ" ಎಂದರು. ಕಂಡಕ್ಟರು, "ಕೊಡಾನ ಬುಡಿ, ಯುದ್ಧ ಮುಗೀಲಿ" ಎಂದ. ಆ ದಿನಗಳಲ್ಲಿ ಎಲ್ಲ ಬಾಕಿಗಳಿಗೂ ಅದೇ ವಾಯಿದೆ. ಇಳಿಯುವಾಗ ನನ್ನ ಬಿಳಿ ಸೀರೆ ಬೂದಿಬಣ್ಣಕ್ಕೆ ತಿರುಗಿತ್ತು.

ಅಲ್ಲಿ ಕಾತ್ಯಾಯಿನಿಯ ಚಿಕ್ಕಮ್ಮನ ಮನೆಯಲ್ಲಿ ನಾಲ್ಕು ದಿನ ಇದ್ದೆ. ಎರಡೇ ದಿನ ಎಂದು ಹೋದದ್ದು. ಬಸ್ಸಿಗೆ ಇದ್ದಿಲು ಬರಲಿಲ್ಲ. ನಾನು ಓದುತ್ತಿದ್ದ ಪುಸ್ತಕ ಕಿಟಕಿಯ ಗೂಡಿನಲ್ಲಿತ್ತು. ಸಿದ್ಧಪ್ಪ ಮೇಷ್ಟ್ರು ಬರೆದುಕೊಟ್ಟ ಚೀಟಿಯನ್ನು ಅದರ ನಡುವೆ ಗುರುತಿಗೆ ಇಟ್ಟಿದ್ದೆ. ಮೂರನೆಯ ದಿನ ತೆರೆದು ನೋಡಿದಾಗ, ಪುಟಗಳ ಒಳಗಿದ್ದ ಅರ್ಧ ಹೆಸರು ನೇರಳೆಯಾಗಿಯೇ ಇತ್ತು. ಬಿಸಿಲಿಗೆ ಚಾಚಿಕೊಂಡಿದ್ದ ಅರ್ಧ ತೆಳ್ಳನೆಯ ಚಹದ ಕಲೆಯಂತೆ ಆಗಿತ್ತು. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ.

ಅದೇ ದಿನ ನಾನು ಆ ಊರಿನ ಹೈಸ್ಕೂಲಿಗೆ ಹೋದೆ. ಅಲ್ಲಿ ಹಬ್ಬದ ಗಲಾಟೆ. ಹೊಳೆನರಸೀಪುರದಿಂದ ಎತ್ತಿನ ಗಾಡಿಯಲ್ಲಿ ಮಸಿಯ ಜಾಡಿ ಬಂದಿತ್ತು. ಮೇಷ್ಟ್ರುಗಳು ಒಬ್ಬರ ಕೈಯಿಂದ ಒಬ್ಬರು ಲೇಖನಿ ಕಸಿದುಕೊಂಡು ತಮ್ಮ ತಮ್ಮ ಸಹಿ ಹಾಕಿ ನೋಡುತ್ತಿದ್ದರು. ಮೂರು ತಿಂಗಳು ಪೆನ್ಸಿಲಿನಲ್ಲಿ ಹಾಜರಿ ಬರೆದವರ ಸಂತೋಷ ಅದು. ಅಲ್ಲಿಯ ಹೆಡ್‌ಮಾಸ್ಟರರು, "ನೀವೇ ನೋಡಿ ಒಪ್ಪಿದ್ದೀರಂತೆ. ಇನ್ನು ನಮಗೇನು ಯೋಚನೆ?" ಎಂದರು.

ಚೀಟಿ ನನ್ನ ಕೈಚೀಲದಲ್ಲಿತ್ತು. ತೆಗೆದು ತೋರಿಸಿದ್ದರೆ ಸಾಕಾಗಿತ್ತು. ತೋರಿಸಿದರೆ, ಮೂರು ದಿನದ ಹಿಂದೆ ಅದೇಕೆ ಬರೆದುಕೊಟ್ಟಿರಿ ಎಂಬ ಪ್ರಶ್ನೆ ಬರುತ್ತಿತ್ತು. ನಾನು ನಕ್ಕು ಸುಮ್ಮನಾದೆ.

ಸಿದ್ಧಪ್ಪ ಮೇಷ್ಟರಿಗೇ ಬರೆದು ತಿಳಿಸೋಣವೆಂದು ಅಂಚೆ ಕಚೇರಿಗೆ ಹೋದೆ. ಲಕೋಟೆ ಮುಗಿದಿತ್ತು, ಕಾರ್ಡು ಮಾತ್ರ ಇತ್ತು. ಕಾರ್ಡನ್ನು ಅಂಚೆಯವನಿಂದ ಹಿಡಿದು ತಿಮ್ಮದಾಸನವರೆಗೆ ಎಲ್ಲರೂ ಓದುತ್ತಾರೆ. ನನ್ನ ತಪ್ಪನ್ನು ಊರೆಲ್ಲ ಓದುವುದು ನನಗೆ ಬೇಡವಾಗಿತ್ತು. ಲಾಳದ ಚೂರು, ಬೆಲ್ಲದ ನೀರು ಎಂದು ಬರೆಯಲು ಹೋದರೆ ಮೊದಲು ಬಸಳೆಯದು ಕೆಲಸಕ್ಕೆ ಬಾರದು ಎಂದು ಬರೆಯಬೇಕಾಗುತ್ತಿತ್ತು. ಕೊನೆಗೆ ಕ್ಷೇಮಸಮಾಚಾರದ ಕೆಳಗೆ ಒಂದು ಸಾಲು ಸೇರಿಸಿದೆ: "ಮಸಿಯನ್ನು ಬಿಸಿಲಿಗೆ ಇಡದಿರುವುದು ಒಳ್ಳೆಯದು." ತಿಳಿಯುವವರಿಗೆ ಇಷ್ಟು ಸಾಕು ಎಂದು ಪೆಟ್ಟಿಗೆಗೆ ಹಾಕಿದೆ. ಹಿಂತಿರುಗುವಾಗ ಮನಸ್ಸು ಹಗುರವಾಗಿತ್ತು ಎಂಬುದನ್ನು ಇಲ್ಲಿ ಬರೆಯಲೇಬೇಕು.

ಚನ್ನರಾಯಪಟ್ಟಣ

ಹಾಸನಕ್ಕೆ ಬಂದವಳೇ ಜ್ವರ ಹಿಡಿದು ಮೂರು ವಾರ ಮಲಗಿದೆ. ಕ್ವಿನೈನು ಸಿಗಲಿಲ್ಲ. ಅಮೃತಬಳ್ಳಿಯ ಕಷಾಯ ಕುಡಿಸಿ ಕಾತ್ಯಾಯಿನಿಯ ತಾಯಿ ನನ್ನನ್ನು ಎಬ್ಬಿಸಿದರು. ಅಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ನಾಲ್ಕು ಶಾಲೆಗಳ ಉತ್ತರಪತ್ರಗಳನ್ನೂ ಚನ್ನರಾಯಪಟ್ಟಣದಲ್ಲಿ ಒಟ್ಟುಗೂಡಿಸಿ, ಒಂದು ಊರಿನವರದನ್ನು ಇನ್ನೊಂದು ಊರಿನವರು ತಿದ್ದುವ ಏರ್ಪಾಟು. ಕಾತ್ಯಾಯಿನಿ ಅಲ್ಲಿಗೆ ಹೊರಟಳು. ಅಲ್ಲಿಂದ ಅರಸೀಕೆರೆಗೆ ಬಸ್ಸು ಹಿಡಿದು ಊರಿಗೆ ಹೋಗೋಣವೆಂದು ನಾನೂ ಜೊತೆಗೆ ಹೊರಟೆ.

ಬಸ್ಸು ದಂಡಿಗನಹಳ್ಳಿಯ ಹತ್ತಿರ ನಿಂತಿತು. ಇದ್ದಿಲಿನ ಬೂದಿ ಕೆರೆದು ಮತ್ತೆ ಉರಿ ಹತ್ತಿಸುವವರೆಗೆ ರಾಗಿಹೊಲದ ಬದುವಿನ ಮೇಲೆ ಕುಳಿತೆವು. ಪಕ್ಕದಲ್ಲಿ ಕುಳಿತ ಹೆಂಗಸು ನನ್ನ ಮಾತು ಕೇಳಿ, "ಯಾವ್ ಸೀಮೆ ಕಣವ್ವ ನಿಂದು?" ಎಂದಳು.

"ಧಾರವಾಡ."

"ಅಲ್ಲೂ ಯುದ್ಧ ಐತಾ?"

"ಅದ."

"ಅಂಗಾರೆ ಎಲ್ಲಾ ಕಡೇಲೂ ಐತೆ ಅನ್ನು" ಎಂದು ಸಮಾಧಾನದಿಂದ ಎಲೆ ಅಡಿಕೆ ಬಿಚ್ಚಿದಳು.

ಚನ್ನರಾಯಪಟ್ಟಣದ ಶಾಲೆಯಲ್ಲಿ ಸೀಮೆಸುಣ್ಣದ ಬದಲು ಬಳಪದ ಕಲ್ಲಿನ ತುಂಡುಗಳನ್ನು ಬಳಸುತ್ತಿದ್ದರು. ನುಗ್ಗೇಹಳ್ಳಿಯ ಗುಡಿಯನ್ನು ಕೆತ್ತಿದ್ದು ಇದೇ ಜಾತಿಯ ಕಲ್ಲಿನಲ್ಲಿ ಎಂದು ಅಲ್ಲಿಯ ಚರಿತ್ರೆಯ ಮೇಷ್ಟ್ರು ನನಗೆ ಹೆಮ್ಮೆಯಿಂದ ಹೇಳುತ್ತಿದ್ದಾಗ, ಒಳಗೆ ಕಟ್ಟು ಬಿಚ್ಚುತ್ತಿದ್ದವರ ಮಾತು ನಿಂತುಹೋಯಿತು.

ನಾವು ಒಳಗೆ ಹೋದೆವು. ಚಾಪೆಯ ಮೇಲೆ ಹಾಳೆಗಳನ್ನು ಹರಡಿದ್ದರು. ಹಾಳೆ ಹಾಳೆಯೂ ಖಾಲಿ. ಬಗ್ಗಿ ನೋಡಿದರೆ ಮಾಸಲು ಕಂದು ಗೀಟುಗಳು, ಲೇಖನಿಯ ಮುಳ್ಳಿನ ಗೀರುಗಳು. ಆದರೆ ಪ್ರತಿಯೊಂದು ಹಾಳೆಯ ನಡುವೆ ಅಂಗೈಯಗಲದ ಒಂದು ಜಾಗದಲ್ಲಿ ಅಕ್ಷರಗಳು ನೇರಳೆಯಾಗಿ, ಆಗ ತಾನೇ ಬರೆದಂತೆ ಉಳಿದಿದ್ದವು. ಒಂದರಲ್ಲಿ "ಆದ್ದರಿಂದ ತ್ರಿಭುಜದ" ಎಂಬಷ್ಟು. ಇನ್ನೊಂದರಲ್ಲಿ "ಅಶೋಕನು ಬಹಳ".

ಯಾಕೆಂಬುದು ವಿಚಾರಿಸಿದಾಗ ತಿಳಿಯಿತು. ಮಸಿ ಅಂಟಾಗಿ, ಹಾಳೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತಿದ್ದವು. ಆದ್ದರಿಂದ ಮೂರು ಊರಿನ ಮೇಷ್ಟ್ರುಗಳೂ ಬಹಳ ಜೋಪಾನದಿಂದ ಒಂದೊಂದು ಹಾಳೆಯನ್ನೂ ಅಂಗಳದಲ್ಲಿ ಹಾಸಿ, ಗಾಳಿಗೆ ಹಾರದಂತೆ ನಡುವೆ ಒಂದೊಂದು ಕಲ್ಲಿಟ್ಟು, ಎರಡು ದಿನ ಬಿಸಿಲಿನಲ್ಲಿ ಒಣಗಿಸಿದ್ದರು. ಕಲ್ಲಿನ ಕೆಳಗಿನದು ಉಳಿದಿತ್ತು. ಹಾಸನದವರು ಮಾತ್ರ ಕೋಣೆಯೊಳಗೆ ಹಗ್ಗಕ್ಕೆ ನೇತುಹಾಕಿದ್ದರಿಂದ ಅವರವು ಕಷ್ಟಪಟ್ಟು ಓದುವಂತಿದ್ದವು.

ಆ ದಿನ ಆ ಮೇಷ್ಟ್ರುಗಳು ಮಾಡಿದ ಕೆಲಸವನ್ನು ನಾನು ಮರೆಯಲಾರೆ. ಯಾರೂ ಕೂಗಾಡಲಿಲ್ಲ. "ಪರವಾಗಿಲ್ಲ, ನೋಡೋಣ" ಎಂದು ಹಾಳೆಗಳನ್ನು ಕಿಟಕಿಗೆ ಓರೆಯಾಗಿ ಹಿಡಿದು, ಮುಳ್ಳು ಕೊರೆದ ಗೀರುಗಳ ನೆರಳಿನಲ್ಲಿ ಉತ್ತರಗಳನ್ನು ಓದತೊಡಗಿದರು. ಒಬ್ಬರು ಓದುವುದು, ಒಬ್ಬರು ಬಳಪದಿಂದ ಹಲಗೆಯ ಮೇಲೆ ಬರೆದುಕೊಳ್ಳುವುದು. ಮಧ್ಯಾಹ್ನದವರೆಗೆ ಏಳು ಹಾಳೆ ಆದವು. ಅಷ್ಟರಲ್ಲಿ ಇನ್‌ಸ್ಪೆಕ್ಟರರು ಬಂದರು. ಅವರ ಹಿಂದೆ ರುದ್ರಪ್ಪನವರೂ ಸಿದ್ಧಪ್ಪ ಮೇಷ್ಟರೂ ಬಂದರು.

ಇನ್‌ಸ್ಪೆಕ್ಟರರು ಕೆಟ್ಟವರಲ್ಲ, ದಣಿದವರು. ಹಾಳೆಗಳನ್ನು ನೋಡಿ, ಜೇಬಿನಿಂದ ನನ್ನ ಮೂರು ವಾಕ್ಯದ ಕಾಗದ ತೆಗೆದು, ಎರಡು ಸಲ ಓದಿದರು.

"ಈ ಅಮ್ಮ ಬರೆದಿರೋದರಲ್ಲಿ ಒಂದು ತಪ್ಪೂ ಇಲ್ಲ ಕಣ್ರೀ. ಬಣ್ಣ ಸ್ಪಷ್ಟವಾಗಿದೆ ಅಂದಿದಾರೆ. ನಿಲ್ಲುತ್ತೆ ಅಂತ ಎಲ್ಲಂದಿದಾರೆ? ನಾವೇ ಸರಿಯಾಗಿ ಓದಲಿಲ್ಲ."

ನಾನು ಎದ್ದು ನಿಂತೆ. ಏನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಸರಿಯಾದ ಮಾತು ಸಿಗುವವರೆಗೆ ಬಾಯಿ ತೆರೆಯದಿರುವುದು ನನ್ನ ಅಭ್ಯಾಸ. ಅಷ್ಟರಲ್ಲಿ ಸಿದ್ಧಪ್ಪ ಮೇಷ್ಟ್ರು ಮುಂದೆ ಬಂದರು.

"ಅಮ್ಮಾವ್ರದೇನೂ ತಪ್ಪಿಲ್ಲ ಸಾ. ಬಿಸಿಲಿಗೆ ಇಡಬ್ಯಾಡಿ ಅಂತ ಕಾರ್ಡ್ ಬೇರೆ ಬರೆದಿದ್ರು."

"ಬರೆದಿದ್ರಾ? ಮತ್ತೆ?"

"ಮಸಿ ಜಾಡಿಗೆಲ್ಲ ಕರೀ ಬಟ್ಟೆ ಸುತ್ತಿ, ನೆಲದಾಗೆ ಊಣಿಟ್ಟಿದ್ದೆ ಸಾ. ನಾಕು ಊರಿಗೂ ಅಂಗೇ ಏಳಿ ಕಳ್ಸಿದ್ದೆ. ಬರೆದ ಕಾಗ್ದಾನೂ ಇಡಬಾರ್ದು ಅಂತ ನಂಗೆ ವಳೀಲಿಲ್ಲ."

ಯಾರೋ ಒಬ್ಬರು ನಕ್ಕರು. ನಗು ಒಬ್ಬರಿಂದೊಬ್ಬರಿಗೆ ಹೋಯಿತು. ರುದ್ರಪ್ಪನವರೂ ಮೀಸೆಯೊಳಗೆ ನಕ್ಕರು. ಸಿದ್ಧಪ್ಪ ಮೇಷ್ಟರೂ ನಕ್ಕರು. ಆ ನಗುವಿನಲ್ಲಿ ನಾನು ಕುಳಿತುಕೊಂಡೆ.

ಇನ್‌ಸ್ಪೆಕ್ಟರರು ಅಲ್ಲಿಯೇ ಅಪ್ಪಣೆ ಮಾಡಿದರು. ಮೂರು ಊರಿನಲ್ಲೂ ಪರೀಕ್ಷೆ ಮತ್ತೆ ನಡೆಯಬೇಕು, ಈ ಸಲ ಪೆನ್ಸಿಲಿನಲ್ಲಿ. ಡ್ರಾಯಿಂಗ್ ಮೇಷ್ಟರ ವಿಷಯದಲ್ಲಿ ಮುಂಚೆ ಬರೆದಂತೆಯೇ ಆಗಲಿ. ಅಂದರೆ ಅವಧಿ ಮುಗಿಯುವವರೆಗೆ ಮಾತ್ರ ಕೆಲಸ.

ಸಂಜೆ ಅರಸೀಕೆರೆಯ ಬಸ್ಸಿಗೆ ಕಾಯುವಾಗ ಸಿದ್ಧಪ್ಪ ಮೇಷ್ಟ್ರು ನನ್ನ ಪೆಟ್ಟಿಗೆ ಹೊತ್ತು ತಂದರು. ಬೇಡವೆಂದರೂ ಕೇಳಲಿಲ್ಲ. ಅರಳಿಕಟ್ಟೆಯ ಹತ್ತಿರ ನಾವಿಬ್ಬರೇ ಇದ್ದೆವು. ಆಗ ಹೇಳಿದೆ. ಲಾಳದ ಚೂರು, ಬೆಲ್ಲದ ನೀರು, ಹದಿನೈದು ದಿನ, ಅಳಲೆಕಾಯಿಯ ಕಷಾಯ. ಅವರು ಗಮನವಿಟ್ಟು ಕೇಳಿದರು. ಮಡಕೆಯ ಬಾಯಿ ಕಟ್ಟಬೇಕೋ ಬಿಡಬೇಕೋ, ಬೆಲ್ಲ ಎಷ್ಟು ಎಂದು ಕೇಳಿ, ಜೇಬಿನಿಂದ ಮೋಟು ಪೆನ್ಸಿಲು ತೆಗೆದು ಒಂದು ಹಳೆಯ ಚೀಟಿಯ ಬೆನ್ನಿಗೆ ಬರೆದುಕೊಂಡರು. ಬರೆದು ಮುಗಿಸಿ ತಲೆಯೆತ್ತಿದರು.

"ಇದು ನಿಮ್ಗೆ ಯಾವಾಗಿಂದ ಗೊತ್ತಿತ್ತು ತಾಯಿ?"

"ಸಣ್ಣಾಕಿ ಇದ್ದಾಗಿಂದ."

ಅವರು ಚೀಟಿಯನ್ನು ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡರು. ನನ್ನ ಮುಖ ನೋಡಲಿಲ್ಲ. "ಬಸ್ಸು ಬಂತು, ಅತ್ಕೊಳ್ಳಿ" ಎಂದರು.

ಧಾರವಾಡ

ನಾನು ನಮ್ಮ ಶಾಲೆಗೆ ಬರೆದುಕೊಟ್ಟ ವರದಿ ಹನ್ನೊಂದು ಪುಟದ್ದು. ಶಂಖ, ಬಳಪದ ಕಲ್ಲು, ಹಾಳೆಯ ಬೆನ್ನಿನಲ್ಲಿ ಬರೆಸುವ ರೀತಿ, ಎರಡು ತರಗತಿಯನ್ನು ಒಬ್ಬರೇ ನಡೆಸುವ ಕ್ರಮ ಎಲ್ಲವೂ ಅದರಲ್ಲಿದೆ. ಮುಖ್ಯಾಧ್ಯಾಪಕಿ ಮೆಚ್ಚಿಕೊಂಡು ಸಭೆಯಲ್ಲಿ ಓದಿಸಿದರು. ಮಸಿಯ ವಿಷಯ ಅದರಲ್ಲಿಲ್ಲ. ಅದನ್ನು ಬರೆಯುತ್ತಿರುವುದು ಇದೇ ಮೊದಲು.

ಮಳೆಗಾಲ ಕಳೆದ ಮೇಲೆ ಕಾತ್ಯಾಯಿನಿಯ ಪತ್ರ ಬಂತು. ನರಸಿಂಹಯ್ಯನವರು ಮತ್ತೆ ಶಾಲೆಗೆ ಬರುತ್ತಿದ್ದಾರೆ. ಕಂದಕದ ಕಪ್ಪೆಗಳು ಹಾಗೆಯೇ ಇವೆ. ಹೊಳೆನರಸೀಪುರದ ಶಾಲೆಯಲ್ಲಿ ಈಗ ಕಪ್ಪನೆಯ ಮಸಿ ತಯಾರಾಗುತ್ತಿದೆ, ನಾಲ್ಕು ಊರಿಗೂ ಅಲ್ಲಿಂದಲೇ ಹೋಗುತ್ತದೆ, ಈ ಪತ್ರವನ್ನೂ ಅದರಲ್ಲಿಯೇ ಬರೆದದ್ದು ಎಂದಿದ್ದಳು. ನಾನು ಒಂದು ಕ್ಷಣ ಸಿದ್ಧಪ್ಪ ಮೇಷ್ಟರ ಹುದ್ದೆ ಉಳಿಯಿತೆಂದುಕೊಂಡು ಮುಂದಿನ ಸಾಲಿಗೆ ಹೋದೆ. ಮಾಡುವವನು ತಿಮ್ಮದಾಸ. ಹೇಗೆ ಮಾಡಬೇಕೆಂದು ಸಿದ್ಧಪ್ಪ ಮೇಷ್ಟ್ರು ಕೊನೆಯ ದಿನ ಅವನಿಗೆ ಹೇಳಿಕೊಟ್ಟು, ಮೊದಲ ಮಡಕೆಯನ್ನು ತಾವೇ ಹಾಕಿ ಬಾಯಿ ಕಟ್ಟಿ ಹೋದರಂತೆ. ಅದು ಕಪ್ಪಾಗುವುದನ್ನು ನೋಡಲು ಅವರು ಇರಲಿಲ್ಲ. ಈಗ ಹರದನಹಳ್ಳಿಯ ಕಡೆ ತಮ್ಮನ ಹೊಲದಲ್ಲಿದ್ದಾರಂತೆ.